ಸ್ಪೀಡ್ ಟೆಸ್ಟ್‌ನಲ್ಲಿ ನೂರು, ಫೈಲ್ ಕಳಿಸುವಾಗ ಹತ್ತು: ಮಲೆನಾಡಿನ ದೂರಸಂಪರ್ಕ ಎಲ್ಲಿ ಸಿಕ್ಕಿಕೊಳ್ಳುತ್ತದೆ

ಶಿವಮೊಗ್ಗ, ಸಾಗರ, ತೀರ್ಥಹಳ್ಳಿಯಂಥ ಊರುಗಳ ಪೇಟೆಯೊಳಗೆ 100 ಎಂಬಿಪಿಎಸ್ (ಸೆಕೆಂಡಿಗೆ ಹತ್ತು ಕೋಟಿ ಬಿಟ್; ಎಂಟು ಬಿಟ್ ಸೇರಿ ಒಂದು ಬೈಟ್) ಫೈಬರ್ ಸಂಪರ್ಕ ಈಗ ಅಪರೂಪದ ಸಂಗತಿಯಲ್ಲ. ಆದರೂ ಬೆಂಗಳೂರಿನ ಸರ್ವರಿಗೆ ದಿನದ ಬ್ಯಾಕಪ್ ಕಳಿಸುವ ಸಹಕಾರ ಸಂಘದ ಶಾಖೆ, ಸಿ.ಟಿ. ಸ್ಕ್ಯಾನ್ ಚಿತ್ರಗಳನ್ನು ಹೊರಊರಿನ ರೇಡಿಯಾಲಜಿಸ್ಟ್‌ಗೆ ರವಾನಿಸುವ ತಪಾಸಣಾ ಕೇಂದ್ರ, ಊರಿನ ಮನೆಯಿಂದಲೇ ಅಮೆರಿಕದ ಸರ್ವರಿನ ಜೊತೆ ಕೆಲಸ ಮಾಡುವ ಸಾಫ್ಟ್‌ವೇರ್ ಉದ್ಯೋಗಿ, ಈ ಮೂವರ ದೂರೂ ಹೆಚ್ಚುಕಡಿಮೆ ಒಂದೇ: ಸ್ಪೀಡ್ ಟೆಸ್ಟ್ ತೊಂಬತ್ತೈದು ತೋರಿಸುತ್ತದೆ, ಫೈಲ್ ಮಾತ್ರ ಐದೋ ಹತ್ತೋ ಎಂಬಿಪಿಎಸ್‌ನಲ್ಲಿ ತೆವಳುತ್ತದೆ. ಇದಕ್ಕೆ ಎಲ್ಲರೂ ಮೊದಲು ಯೋಚಿಸುವ ಪರಿಹಾರ ಇನ್ನೂ ದೊಡ್ಡ ಪ್ಲಾನ್. ಆ ಖರ್ಚಿನಿಂದ ಬಹುತೇಕ ಸಂದರ್ಭಗಳಲ್ಲಿ ಏನೂ ಬದಲಾಗುವುದಿಲ್ಲ. ದೂರದ ಸಂಪರ್ಕದಲ್ಲಿ ಬ್ಯಾಂಡ್‌ವಿಡ್ತ್ ಎಂಬುದು ಮೇಲಿನ ಮಿತಿ ಮಾತ್ರ. ಆ ಮಿತಿಯೊಳಗೆ ನಿಜವಾಗಿ ಎಷ್ಟು ಡೇಟಾ ಸಾಗುತ್ತದೆ ಎಂಬುದನ್ನು ನಿರ್ಧರಿಸುವುದು ಪ್ಯಾಕೆಟ್ (ಡೇಟಾದ ಒಂದು ತುಣುಕು) ಹೋಗಿ ಅದರ ಉತ್ತರ ಬರಲು ಹಿಡಿಯುವ ಸಮಯ, ದಾರಿಯಲ್ಲಿ ಕಳೆದುಹೋಗುವ ಪ್ಯಾಕೆಟ್‌ಗಳ ಪ್ರಮಾಣ, ಮತ್ತು ಉತ್ತರ ಬರುವ ಮೊದಲೇ ಎಷ್ಟನ್ನು ಕಳಿಸಿಡಬಹುದು ಎಂಬ ಮಿತಿ. ಈ ಮೂರರಲ್ಲಿ ಕತ್ತು ಹಿಡಿದಿರುವುದು ಯಾವುದು ಎಂದು ತಿಳಿಯದೆ ಹೂಡುವ ಹಣ ವ್ಯರ್ಥ.

ಇಂಟರ್‌ನೆಟ್ಟಿನ ಬಹುಪಾಲು ಫೈಲ್ ಸಾಗಣೆ ಇಂದಿಗೂ ಟಿಸಿಪಿ ಎಂಬ ನಿಯಮಾವಳಿಯ ಮೇಲೆ ನಿಂತಿದೆ. ಕಳಿಸುವ ಯಂತ್ರ ತನ್ನ ಡೇಟಾವನ್ನು ಸುಮಾರು ಒಂದೂವರೆ ಸಾವಿರ ಬೈಟ್‌ಗಳ ಪ್ಯಾಕೆಟ್‌ಗಳಾಗಿ ತುಂಡರಿಸಿ ಬಿಡುತ್ತದೆ. ಪಡೆಯುವ ಯಂತ್ರ ತಲುಪಿದ್ದಕ್ಕೆ ಸ್ವೀಕೃತಿ ಕಳಿಸುತ್ತದೆ. ಸ್ವೀಕೃತಿ ಬಾರದೆ ಎಷ್ಟು ಬೈಟ್‌ಗಳನ್ನು ದಾರಿಯ ಮೇಲೆ ಇಟ್ಟಿರಬಹುದು ಎಂಬುದಕ್ಕೆ ಒಂದು ಮಿತಿಯಿದ್ದು, ಅದನ್ನು ವಿಂಡೋ ಎನ್ನುತ್ತಾರೆ. ತೋಟದ ಮನೆಯಿಂದ ಶಿವಮೊಗ್ಗದ ಮಂಡಿಗೆ ಅಡಿಕೆ ಕಳಿಸುವ ಬೆಳೆಗಾರನೊಬ್ಬ, ಹಿಂದಿನ ಲೋಡಿನ ರಶೀದಿ ಕೈಗೆ ಬಾರದ ಹೊರತು ಮುಂದಿನ ಮೂಟೆಯನ್ನು ಹೊರಗೆ ಬಿಡುವುದಿಲ್ಲ ಎಂದು ಪಟ್ಟು ಹಿಡಿದರೆ, ರಸ್ತೆ ನಾಲ್ಕು ಪಥದ್ದಾದರೂ ದಿನಕ್ಕೆ ಮಂಡಿ ಸೇರುವ ಮೂಟೆಗಳ ಲೆಕ್ಕ ರಶೀದಿ ತಿರುಗಿ ಬರುವ ಹೊತ್ತಿನ ಮೇಲೆಯೇ ನಿಂತಿರುತ್ತದೆ. ಟಿಸಿಪಿಯ ಗತಿಯೂ ಹಾಗೆಯೇ: ವಿಂಡೋದ ಗಾತ್ರವನ್ನು ಹೋಗಿಬರುವ ಸಮಯದಿಂದ ಭಾಗಿಸಿದರೆ ಸಿಗುವ ವೇಗಕ್ಕಿಂತ ಹೆಚ್ಚು ಅದು ಎಂದೂ ಓಡಲಾರದು.

ಟಿಸಿಪಿಯ ಮೂಲ ವಿನ್ಯಾಸದಲ್ಲಿ ವಿಂಡೋದ ಗರಿಷ್ಠ ಗಾತ್ರ 65,535 ಬೈಟ್‌ಗಳು. ಹೋಗಿಬರುವ ಸಮಯ 30 ಮಿಲಿಸೆಕೆಂಡ್ ಇರುವ ದಾರಿಯಲ್ಲಿ ಇದು ಕೊಡಬಲ್ಲ ಗರಿಷ್ಠ ವೇಗ 17.5 ಎಂಬಿಪಿಎಸ್, 250 ಮಿಲಿಸೆಕೆಂಡಿನ ಅಮೆರಿಕದ ದಾರಿಯಲ್ಲಿ ಬರೀ 2.1 ಎಂಬಿಪಿಎಸ್. ಸಂಪರ್ಕ ನೂರರದ್ದಿರಲಿ, ಸಾವಿರದ್ದಿರಲಿ, ಈ ಅಂಕಿಗಳು ಕದಲುವುದಿಲ್ಲ. ನೂರು ಎಂಬಿಪಿಎಸ್‌ನ ಕೊಳವೆಯನ್ನು 250 ಮಿಲಿಸೆಕೆಂಡಿನ ದಾರಿಯುದ್ದಕ್ಕೂ ತುಂಬಿಡಬೇಕಾದರೆ ಸುಮಾರು 3.1 ಎಂಬಿ ಡೇಟಾ ಸದಾ ದಾರಿಯ ಮೇಲಿರಬೇಕು. 30 ಮಿಲಿಸೆಕೆಂಡಿನ ದಾರಿಗಾದರೆ 375 ಕೆಬಿ ಸಾಕು. ವಿಂಡೋವನ್ನು ಹಿಗ್ಗಿಸಿ ಒಂದು ಗಿಗಾಬೈಟ್‌ವರೆಗೂ ಒಯ್ಯುವ ವಿಂಡೋ ಸ್ಕೇಲಿಂಗ್ ಎಂಬ ಏರ್ಪಾಡು 1992ರಲ್ಲೇ ಬಂದಿದ್ದು, ಲಿನಕ್ಸ್ ಮತ್ತು ವಿಸ್ತಾದಿಂದೀಚಿನ ವಿಂಡೋಸ್‌ಗಳು ದಾರಿಯ ಉದ್ದವನ್ನು ಅಂದಾಜಿಸಿ ವಿಂಡೋವನ್ನು ತಾವೇ ಬೆಳೆಸಿಕೊಳ್ಳುತ್ತವೆ. ಹಾಗಿದ್ದರೆ ಸಮಸ್ಯೆ ಮುಗಿದಿರಬೇಕಿತ್ತು. ಮುಗಿದಿಲ್ಲ. ತಂತ್ರಾಂಶ ಬರೆದವರು ಒಳ್ಳೆಯದಾಗಲೆಂದು ಬಫರಿನ, ಅಂದರೆ ವಿಂಡೋದ ಡೇಟಾವನ್ನು ತಾತ್ಕಾಲಿಕವಾಗಿ ಹಿಡಿದಿಡುವ ಜಾಗದ, ಗಾತ್ರವನ್ನು ತಾವೇ ನಿಗದಿ ಮಾಡಿಟ್ಟರೆ ಲಿನಕ್ಸ್‌ನಲ್ಲಿ ಈ ಸ್ವಯಂಚಾಲಿತ ಹೊಂದಾಣಿಕೆ ಆ ಸಂಪರ್ಕದ ಮಟ್ಟಿಗೆ ನಿಂತೇ ಹೋಗುತ್ತದೆ. ನಡುವೆ ಕುಳಿತ ಹಳೆಯ ಫೈರ್‌ವಾಲ್ ಸ್ಕೇಲಿಂಗ್ ಸೂಚನೆಯನ್ನು ಅಳಿಸಿಬಿಡುವುದೂ ಉಂಟು. ಆಗ ಎರಡೂ ತುದಿಗಳಲ್ಲಿ ಹೊಸ ಯಂತ್ರಗಳಿದ್ದರೂ ಅವು ಎಂಬತ್ತರ ದಶಕದ ಮಿತಿಯೊಳಗೆ ಮಾತನಾಡಿಕೊಳ್ಳುತ್ತವೆ.

ಹೋಗಿಬರುವ ಸಮಯ ಎಲ್ಲಿಂದ ಬರುತ್ತದೆ ಎಂಬುದನ್ನು ಮಲೆನಾಡಿನ ಭೂಪಟದ ಮೇಲೆ ನೋಡಬೇಕು. ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಸಾಗುತ್ತದೆ. ಶಿವಮೊಗ್ಗದಿಂದ ಬೆಂಗಳೂರಿಗೆ ಕೇಬಲ್ಲಿನ ದಾರಿ 400 ಕಿ.ಮೀ. ಎಂದು ಧಾರಾಳವಾಗಿ ಹಿಡಿದರೂ ಹೋಗಿಬರಲು 4 ಮಿಲಿಸೆಕೆಂಡ್ ಸಾಕು. ಪಿಂಗ್ ಮಾಡಿದಾಗ (ಸಣ್ಣ ಪ್ಯಾಕೆಟ್ ಕಳಿಸಿ ಉತ್ತರಕ್ಕೆ ಹಿಡಿದ ಸಮಯ ಅಳೆದಾಗ) ಅದರ ಹಲವು ಪಟ್ಟು ಕಂಡರೆ, ಉಳಿದದ್ದು ನಡುವಿನ ಉಪಕರಣಗಳ ಸರತಿಯಲ್ಲೋ ಸುತ್ತುದಾರಿಯಲ್ಲೋ ಹೋಗಿರುತ್ತದೆ. ಸುತ್ತುದಾರಿಯ ಅತ್ಯುತ್ತಮ ಉದಾಹರಣೆ ಘಟ್ಟದ ಕೆಳಗಿನ ಮಣಿಪಾಲ. ಆಗುಂಬೆ ಘಾಟಿ ಇಳಿದರೆ ಸಿಗುವ ಆ ಊರಿಗೆ ಶಿವಮೊಗ್ಗದವರು ಬೆಳಗ್ಗೆ ಹೋಗಿ ಸಂಜೆಗೆ ಮರಳುತ್ತಾರೆ; ಆದರೆ ಎರಡು ಕಡೆಯ ಸಂಪರ್ಕಗಳು ಬೇರೆ ಬೇರೆ ಕಂಪನಿಗಳದ್ದಾಗಿದ್ದರೆ ಅವು ಪರಸ್ಪರ ಕೈಕುಲುಕುವುದು ಬೆಂಗಳೂರಿನಲ್ಲೋ ಚೆನ್ನೈಯಲ್ಲೋ ಮುಂಬೈಯಲ್ಲೋ ಆಗಿರುವುದರಿಂದ, ಪ್ಯಾಕೆಟ್ ಅಲ್ಲಿಯವರೆಗೆ ಹೋಗಿ ಮತ್ತೆ ಕರಾವಳಿಗೆ ಇಳಿಯಬೇಕು. ಎರಡೂ ತುದಿಗೆ ಒಂದೇ ಕಂಪನಿಯ ಸಂಪರ್ಕ ತೆಗೆದುಕೊಳ್ಳುವುದು, ಅಥವಾ ನಿಮ್ಮ ಸೇವಾದಾರರು ಎಲ್ಲಿ ಯಾರೊಂದಿಗೆ ಸೇರುತ್ತಾರೆ ಎಂದು ಕೇಳಿ ತಿಳಿಯುವುದು, ಪ್ಲಾನ್ ದುಪ್ಪಟ್ಟು ಮಾಡುವುದಕ್ಕಿಂತ ಎಷ್ಟೋ ಹೆಚ್ಚು ಫಲ ಕೊಡಬಹುದು. ಈ ಪ್ರಶ್ನೆಯನ್ನು ಗ್ರಾಹಕರು ಕೇಳುವುದೇ ಇಲ್ಲ, ಹಾಗಾಗಿ ಮಾರಾಟ ಪ್ರತಿನಿಧಿಗಳ ಬಳಿ ಉತ್ತರವೂ ಇರುವುದಿಲ್ಲ.

ಸ್ಪೀಡ್ ಟೆಸ್ಟ್ ಇವೆಲ್ಲವನ್ನೂ ಮರೆಮಾಚುತ್ತದೆ. ಅದು ತನಗೆ ತೀರ ಹತ್ತಿರದ ಸರ್ವರನ್ನು ಆರಿಸಿಕೊಳ್ಳುತ್ತದೆ, ಏಕಕಾಲಕ್ಕೆ ಹಲವು ಸಂಪರ್ಕಗಳನ್ನು ತೆರೆಯುತ್ತದೆ, ಮತ್ತು ಅವುಗಳ ಮೊತ್ತವನ್ನು ತೋರಿಸುತ್ತದೆ. ನಿಮ್ಮ ಫೈಲ್ ಹೋಗುವುದು ದೂರದ ಸರ್ವರಿಗೆ, ಸಾಮಾನ್ಯವಾಗಿ ಒಂದೇ ಸಂಪರ್ಕದಲ್ಲಿ. ನಿಜವನ್ನು ತಿಳಿಯಲು ಐಪರ್ಫ್3 ಎಂಬ ಉಚಿತ ಸಾಧನವನ್ನು ಎರಡೂ ತುದಿಯಲ್ಲಿ ಓಡಿಸಿ, ಮೊದಲು ಒಂದೇ ಧಾರೆಯಲ್ಲಿ, ಅಂದರೆ ಒಂದೇ ಸಂಪರ್ಕದಲ್ಲಿ, ಅನಂತರ ಎಂಟು ಧಾರೆಗಳಲ್ಲಿ ಅಳೆಯಬೇಕು. ಒಂದು ಧಾರೆಗೆ 17, ಎಂಟಕ್ಕೆ 94 ಎಂದು ಬಂದರೆ ಬ್ಯಾಂಡ್‌ವಿಡ್ತ್ ಇದೆ, ಅಡಚಣೆ ವಿಂಡೋದಲ್ಲೋ ಪ್ಯಾಕೆಟ್ ನಷ್ಟದಲ್ಲೋ ಇದೆ ಎಂದರ್ಥ. ಎಂಟಕ್ಕೂ ಒಂದಕ್ಕೂ ಒಂದೇ ಅಂಕಿ ಬಂದರೆ ಮಾತ್ರ ಕೊಳವೆಯೇ ಕಿರಿದು ಎಂಬ ತೀರ್ಮಾನಕ್ಕೆ ಬರಬಹುದು. ಅಳತೆಯನ್ನು ಎರಡೂ ದಿಕ್ಕಿಗೆ ಮಾಡಬೇಕೆಂಬುದನ್ನು ಮರೆಯುವಂತಿಲ್ಲ: ಮನೆಮನೆಯ ಫೈಬರಿಗೆ ಹೆಚ್ಚಾಗಿ ಬಳಸುವ ಜಿಪಾನ್ ತಂತ್ರದಲ್ಲಿ ಇಳಿಮುಖವಾಗಿ 2.5 ಗಿಗಾಬಿಟ್, ಏರುಮುಖವಾಗಿ ಅದರ ಅರ್ಧ ಮಾತ್ರವಿದ್ದು, ಅದನ್ನೂ 32 ಅಥವಾ 64 ಸಂಪರ್ಕಗಳು ಹಂಚಿಕೊಳ್ಳುತ್ತವೆ. ಬ್ಯಾಕಪ್ಪೂ ಸ್ಕ್ಯಾನೂ ಹೋಗುವುದು ಏರುಮುಖದಲ್ಲಿ.

ಸ್ಕ್ಯಾನಿನ ವಿಷಯವನ್ನು ಸ್ವಲ್ಪ ಹತ್ತಿರದಿಂದ ನೋಡೋಣ, ಏಕೆಂದರೆ ದೂರಸಂಪರ್ಕದ ಬಹುತೇಕ ರೋಗಗಳು ಇದೊಂದರಲ್ಲೇ ಕಾಣಸಿಗುತ್ತವೆ. ಸಿ.ಟಿ. ಯಂತ್ರದ ಒಂದು ಪದರದ ಚಿತ್ರ ಅಡ್ಡಕ್ಕೂ ಉದ್ದಕ್ಕೂ 512 ಬಿಂದುಗಳದ್ದು, ಪ್ರತಿ ಬಿಂದುವಿಗೆ ಎರಡು ಬೈಟ್. ಅಂದರೆ ಅರ್ಧ ಎಂಬಿ. ತೆಳುವಾದ ಪದರಗಳ ಪರೀಕ್ಷೆಯಲ್ಲಿ ಇಂಥ ಸಾವಿರ ಚಿತ್ರಗಳಿರುವುದು ಸಾಮಾನ್ಯ, ಒಟ್ಟು 500 ಎಂಬಿಗಿಂತ ಮೇಲು. ನೂರು ಎಂಬಿಪಿಎಸ್‌ನ ಏರುಮುಖ ಸಂಪರ್ಕದಲ್ಲಿ ಇದು ಮುಕ್ಕಾಲು ನಿಮಿಷದ ಕೆಲಸ. ಈಗ ಕಳಿಸುವ ವರ್ಕ್‌ಸ್ಟೇಷನ್ನಿನ ಬಫರ್ 64 ಕೆಬಿಗೆ ಕಟ್ಟುಬಿದ್ದಿದೆ, ಹೋಗಿಬರುವ ಸಮಯ 30 ಮಿಲಿಸೆಕೆಂಡ್ ಎಂದುಕೊಂಡರೆ, ಮೊದಲ ಹೊಡೆತಕ್ಕೇ ಅದು ನಾಲ್ಕು ನಿಮಿಷವಾಯಿತು. ಅದಕ್ಕೆ ಮೇಲೆ, ವೈದ್ಯಕೀಯ ಚಿತ್ರಗಳ ರವಾನೆಗೆ ಬಳಸುವ ಡೈಕಾಮ್ ನಿಯಮಾವಳಿ ಸಾಮಾನ್ಯ ಹೊಂದಿಕೆಯಲ್ಲಿ ಒಂದು ಚಿತ್ರ ಕಳಿಸಿ, ಆ ತುದಿಯಿಂದ ‘ಸಿಕ್ಕಿತು’ ಎಂಬ ಉತ್ತರ ಬಂದ ಮೇಲೆಯೇ ಮುಂದಿನದನ್ನು ಕಳಿಸುತ್ತದೆ. ಸಾವಿರ ಚಿತ್ರಕ್ಕೆ ಸಾವಿರ ಕಾಯುವಿಕೆ. ತಲಾ 30 ಮಿಲಿಸೆಕೆಂಡಿನಂತೆ ಇನ್ನೂ ಅರ್ಧ ನಿಮಿಷ. ಆಸ್ಪತ್ರೆಯ ಒಳಗಿನ ಜಾಲದಲ್ಲಿ ಹೋಗಿಬರುವ ಸಮಯ ಅರ್ಧ ಮಿಲಿಸೆಕೆಂಡೂ ಇರುವುದಿಲ್ಲವಾದ್ದರಿಂದ ಈ ನಿಯಮಾವಳಿ ರೂಪಿಸಿದವರಿಗೆ ಅದು ತೊಂದರೆಯಾಗಿ ಕಂಡಿರಲಾರದು. ಘಟ್ಟದ ಮೇಲಿಂದ ಕೆಳಕ್ಕೆ, ಬೆಂಗಳೂರನ್ನು ಬಳಸಿಕೊಂಡು ಕಳಿಸುವವನಿಗೆ ಕಾಣುತ್ತದೆ.

ಇಲ್ಲಿ ಮಾಡಬಹುದಾದದ್ದು ಹಲವು, ಮತ್ತು ಯಾವುದಕ್ಕೂ ಹೊಸ ಪ್ಲಾನ್ ಬೇಕಿಲ್ಲ. ಬಫರಿನ ಮಿತಿಯನ್ನು ಒಂದು ಎಂಬಿಗೆ ಏರಿಸಬಹುದು ಅಥವಾ ಕಾರ್ಯವ್ಯವಸ್ಥೆಯ ವಿವೇಚನೆಗೇ ಬಿಡಬಹುದು. ಏಕಕಾಲಕ್ಕೆ ನಾಲ್ಕು ಸಂಪರ್ಕ ತೆರೆದು ಚಿತ್ರಗಳನ್ನು ಹಂಚಿ ಕಳಿಸುವಂತೆ ಸರ್ವರನ್ನು ಹೊಂದಿಸಬಹುದು. ವಿವರ ನಷ್ಟವಾಗದ ಜೆಪೆಗ್ 2000 ಸಂಕುಚನದಲ್ಲಿ ಸಿ.ಟಿ. ಚಿತ್ರಗಳು ಸಾಮಾನ್ಯವಾಗಿ ಅರ್ಧಕ್ಕೋ ಮೂರನೇ ಒಂದಕ್ಕೋ ಇಳಿಯುತ್ತವೆ. ನನಗೆ ಎಲ್ಲಕ್ಕಿಂತ ಮೇಲೆನಿಸುವುದು ತಪಾಸಣಾ ಕೇಂದ್ರದಲ್ಲೊಂದು ಸಣ್ಣ ಗೇಟ್‌ವೇ ಯಂತ್ರವನ್ನಿಡುವ ವಿಧಾನ: ಸಿ.ಟಿ. ಯಂತ್ರ ತನ್ನ ಹಳೆಯ ರೀತಿಯಲ್ಲೇ ಪಕ್ಕದ ಗೇಟ್‌ವೇಗೆ ಕ್ಷಣಮಾತ್ರದಲ್ಲಿ ಚಿತ್ರಗಳನ್ನು ಒಪ್ಪಿಸುತ್ತದೆ, ಗೇಟ್‌ವೇ ಅವನ್ನು ಕಟ್ಟು ಕಟ್ಟಿ, ಸಂಕುಚಿಸಿ, ದೂರಕ್ಕೆ ತಕ್ಕ ವಿಂಡೋದೊಂದಿಗೆ ಸಾಗಿಸುತ್ತದೆ. ಲಕ್ಷಗಟ್ಟಲೆ ಬೆಲೆಯ ವೈದ್ಯಕೀಯ ಯಂತ್ರದ ತಂತ್ರಾಂಶವನ್ನು ಮುಟ್ಟಲು ಅದರ ತಯಾರಕರು ಬಿಡುವುದಿಲ್ಲ. ಪಕ್ಕದ ಯಂತ್ರವನ್ನು ಮುಟ್ಟಲು ಯಾರ ಅಪ್ಪಣೆಯೂ ಬೇಡ.

ಇನ್ನು ಪ್ಯಾಕೆಟ್ ನಷ್ಟ. ಮಲೆನಾಡಿನ ಮಟ್ಟಿಗೆ ಇದು ವಿಂಡೋಗಿಂತ ಹಿರಿಯ ಪಾಪಿ ಎಂದು ನಾನು ತಿಳಿಯುತ್ತೇನೆ. 1986ರ ಅಕ್ಟೋಬರಿನಲ್ಲಿ ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯ ಮತ್ತು ಬರ್ಕ್ಲಿ ವಿಶ್ವವಿದ್ಯಾಲಯದ ನಡುವಿನ, ನಾನೂರು ಗಜದಷ್ಟೇ ದೂರದ ಸಂಪರ್ಕ ಸೆಕೆಂಡಿಗೆ 32 ಸಾವಿರ ಬಿಟ್‌ಗಳಿಂದ 40 ಬಿಟ್‌ಗೆ ಕುಸಿದುಬಿತ್ತು. ದಟ್ಟಣೆಯಿಂದ ಪ್ಯಾಕೆಟ್‌ಗಳು ಬೀಳುತ್ತಿದ್ದವು, ಬಿದ್ದವನ್ನು ಎಲ್ಲರೂ ಮತ್ತೆ ಮತ್ತೆ ಕಳಿಸಿ ದಟ್ಟಣೆಯನ್ನು ಇನ್ನೂ ಹೆಚ್ಚಿಸುತ್ತಿದ್ದರು. ಅದೇ ಪ್ರಯೋಗಾಲಯದ ವ್ಯಾನ್ ಜೇಕಬ್‌ಸನ್ 1988ರಲ್ಲಿ ಪ್ರಕಟಿಸಿದ ಪರಿಹಾರದ ತಿರುಳು ಇಷ್ಟೆ: ಪ್ಯಾಕೆಟ್ ಕಳೆದುಹೋದರೆ ಅದನ್ನು ದಟ್ಟಣೆಯ ಸೂಚನೆಯೆಂದು ತಿಳಿದು ವೇಗವನ್ನು ತಗ್ಗಿಸು, ಅನಂತರ ನಿಧಾನವಾಗಿ ಏರಿಸು. ಇಂಟರ್‌ನೆಟ್ ಇಂದಿಗೂ ಉಸಿರಾಡುತ್ತಿರುವುದು ಈ ಶಿಸ್ತಿನಿಂದ. 2006ರಿಂದ ಲಿನಕ್ಸ್‌ನ ರೂಢಿಯಾಗಿರುವ ಕ್ಯೂಬಿಕ್ ಕ್ರಮಾವಳಿಯೂ ನಷ್ಟ ಕಂಡೊಡನೆ ವಿಂಡೋವನ್ನು ನೂರರಿಂದ ಎಪ್ಪತ್ತಕ್ಕೆ ಇಳಿಸುತ್ತದೆ.

ಈ ಶಿಸ್ತಿನ ಹಿಂದಿರುವ ಊಹೆ, ನಷ್ಟವೆಂದರೆ ದಟ್ಟಣೆ ಎಂಬುದು. ಆಗುಂಬೆಯ ಸುತ್ತ ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ಮೀರಿ ಮಳೆ ಸುರಿಯುವ ನಾಡಿನಲ್ಲಿ ಪ್ಯಾಕೆಟ್ ಬೀಳಲು ದಟ್ಟಣೆಯೇ ಬೇಕಿಲ್ಲ. ಫೈಬರ್ ತಲುಪದ ಟವರುಗಳನ್ನು ಬೆಸೆಯುವ ಮೈಕ್ರೋವೇವ್ ಕೊಂಡಿಗಳು 10 ಗಿಗಾಹರ್ಟ್ಸ್‌ಗಿಂತ ಮೇಲಿನ ಆವರ್ತನದಲ್ಲಿದ್ದರೆ ಮಳೆಹನಿಗಳು ಅವುಗಳ ಶಕ್ತಿಯನ್ನು ಹೀರುತ್ತವೆ. ಜೋರು ಮಳೆಯಲ್ಲಿ ಉಪಕರಣ ತಾನಾಗಿಯೇ ಒಂದು ಸಂಕೇತಕ್ಕೆ ಎಂಟು ಬಿಟ್ ಹೊರುವ ವಿಧಾನದಿಂದ ಎರಡು ಬಿಟ್ ಹೊರುವ ವಿಧಾನಕ್ಕೆ ಇಳಿಯುವುದರಿಂದ ಕೊಂಡಿಯ ಸಾಮರ್ಥ್ಯ ಕಾಲುಭಾಗಕ್ಕೆ ಬರುತ್ತದೆ, ಮತ್ತು ಆ ಬದಲಾವಣೆಯ ಹೊತ್ತಿನಲ್ಲಿ ಪ್ಯಾಕೆಟ್‌ಗಳು ಉದುರುತ್ತವೆ. ಲಿಂಗನಮಕ್ಕಿ ಹಿನ್ನೀರಿನಂಥ ಜಲರಾಶಿಯ ಮೇಲೆ ಹಾಯುವ ಕೊಂಡಿಗೆ ನೀರಿನ ಮೇಲ್ಮೈಯಿಂದ ಬರುವ ಪ್ರತಿಫಲನದ ಕಾಟ ಬೇರೆ. ಫೈಬರಿನ ಕಥೆಯೂ ಪೂರ್ತಿ ಸುಖದ್ದಲ್ಲ. ಕಂಬದಿಂದ ಕಂಬಕ್ಕೆ ತೂಗುವ ಕೇಬಲ್ಲಿನ ಮೇಲೆ ಕೊಂಬೆ ಬಿದ್ದು ಎಳೆ ತುಂಡಾದರೆ ಕನಿಷ್ಠ ಎಲ್ಲರಿಗೂ ಗೊತ್ತಾಗುತ್ತದೆ. ತುಂಡಾಗದೆ ಬಾಗಿ ನಿಂತರೆ, ಜಂಟಿ ಪೆಟ್ಟಿಗೆಯೊಳಗೆ ನೀರಿಳಿದರೆ, ಅವಸರದ ಬೆಸುಗೆಯಲ್ಲಿ ಬೆಳಕು ಸೋರಿದರೆ, ಸಂಪರ್ಕ ಇದ್ದೂ ಇಲ್ಲದಂತಿರುತ್ತದೆ. ರೂಟರಿನಲ್ಲಿ ದೀಪ ಹಸಿರು, ಪ್ಯಾಕೆಟ್‌ಗಳಲ್ಲಿ ನೂರಕ್ಕೊಂದು ನಾಪತ್ತೆ.

ನೂರಕ್ಕೊಂದು ಎಂದರೆ ಅತ್ಯಲ್ಪವೆಂದು ಅನ್ನಿಸುವುದು ಸಹಜ. 1997ರಲ್ಲಿ ಮ್ಯಾಥಿಸ್ ಮತ್ತು ಸಂಗಡಿಗರು ಕೊಟ್ಟ ಸೂತ್ರ ಈ ಭ್ರಮೆಯನ್ನು ಕಳೆಯುತ್ತದೆ. ಹಳೆಯ ಶೈಲಿಯ ಟಿಸಿಪಿಯ ವೇಗ ಹೋಗಿಬರುವ ಸಮಯಕ್ಕೂ ನಷ್ಟದ ಪ್ರಮಾಣದ ವರ್ಗಮೂಲಕ್ಕೂ ವಿಲೋಮವಾಗಿರುತ್ತದೆ ಎಂಬುದು ಅದರ ಸಾರ. 30 ಮಿಲಿಸೆಕೆಂಡಿನ ದಾರಿಯಲ್ಲಿ ನೂರಕ್ಕೊಂದು ಪ್ಯಾಕೆಟ್ ಬಿದ್ದರೆ ಒಂದು ಧಾರೆಯ ವೇಗ ಐದು ಎಂಬಿಪಿಎಸ್ ಮುಟ್ಟುವುದಿಲ್ಲ. ಹತ್ತು ಸಾವಿರಕ್ಕೊಂದು ಬಿದ್ದರೆ ಸುಮಾರು 47ಕ್ಕೆ ಏರುತ್ತದೆ. ಅದೇ ನೂರಕ್ಕೊಂದರ ನಷ್ಟ 250 ಮಿಲಿಸೆಕೆಂಡಿನ ದಾರಿಯಲ್ಲಾದರೆ ಸಿಗುವುದು ಅರ್ಧ ಎಂಬಿಪಿಎಸ್ಸಿಗಿಂತ ತುಸು ಹೆಚ್ಚು. ಹೀಗಾಗಿ ಊರೊಳಗಿನ ಕಳಪೆ ಜಂಟಿಯೊಂದು ಹತ್ತಿರದ ಸರ್ವರಿನಿಂದ ನೋಡುವ ವಿಡಿಯೊಗೆ ಏನೂ ಮಾಡದೆ, ಅಮೆರಿಕದ ಸರ್ವರಿನೊಂದಿಗಿನ ಕೆಲಸವನ್ನು ಮಾತ್ರ ಕೆಡಿಸುತ್ತದೆ, ಮತ್ತು ದೂರು ಕೇಳಿದ ತಂತ್ರಜ್ಞ ಮೊಬೈಲಿನಲ್ಲಿ ವಿಡಿಯೊ ಓಡಿಸಿ ತೋರಿಸಿ ಎಲ್ಲ ಸರಿಯಿದೆ ಎಂದು ಹೊರಟುಹೋಗುತ್ತಾನೆ. ಅವನಿಗೆ ತೋರಿಸಬೇಕಾದದ್ದು ಮನೆಯಲ್ಲಿ ಫೈಬರ್ ಬಂದು ಸೇರುವ ಓಎನ್‌ಟಿ ಪೆಟ್ಟಿಗೆಯೊಳಗೇ ಸಿಗುವ ಬೆಳಕಿನ ಬಲದ ಅಂಕಿ. ಜಿಪಾನ್‌ನಲ್ಲಿ ಅದು ಮೈನಸ್ 27 ಡಿಬಿಎಮ್‌ನ ಆಸುಪಾಸಿಗೆ ಇಳಿದಿದ್ದರೆ ಸ್ವೀಕಾರದ ಅಂಚಿನಲ್ಲಿದೆ ಎಂದು ತಿಳಿದು ಕೇಬಲ್ ಪರೀಕ್ಷಿಸುವಂತೆ ಒತ್ತಾಯಿಸಬೇಕು. ದಾರಿಯ ಪ್ರತಿ ಹಂತವನ್ನೂ ಪಿಂಗ್ ಮಾಡಿ ನೋಡುವ ಎಂಟಿಆರ್‌ನಂಥ ಸಾಧನದಲ್ಲಿ ನಡುವಿನ ರೂಟರೊಂದರ ಎದುರು ನಷ್ಟ ಕಂಡಿತೆಂದು ಅದನ್ನು ದೂರುವವರೂ ಇದ್ದಾರೆ. ರೂಟರುಗಳು ಪಿಂಗ್‌ಗೆ ಉತ್ತರಿಸುವುದನ್ನು ಬೇಕೆಂದೇ ಮಿತಿಗೊಳಿಸುತ್ತವೆ. ನಷ್ಟ ಒಂದು ಹಂತದಲ್ಲಿ ಶುರುವಾಗಿ ಕೊನೆಯವರೆಗೂ ಮುಂದುವರಿದರೆ ಮಾತ್ರ ಅದು ನಿಜ.

ಕೇಬಲ್ ರಿಪೇರಿ ನಮ್ಮ ಕೈಯಲ್ಲಿಲ್ಲದಾಗ ಕಳಿಸುವ ಯಂತ್ರದ ಸ್ವಭಾವವನ್ನು ಬದಲಿಸಬಹುದು. 2016ರಲ್ಲಿ ಗೂಗಲ್ ಹೊರತಂದ ಬಿಬಿಆರ್ ಕ್ರಮಾವಳಿ ನಷ್ಟವನ್ನು ನೋಡಿ ಬೆದರುವುದಿಲ್ಲ. ಡೇಟಾ ನಿಜವಾಗಿ ತಲುಪುತ್ತಿರುವ ವೇಗವನ್ನೂ ಕನಿಷ್ಠ ಹೋಗಿಬರುವ ಸಮಯವನ್ನೂ ಅಳೆಯುತ್ತ, ಅವೆರಡರ ಗುಣಲಬ್ಧದಷ್ಟನ್ನು ದಾರಿಯ ಮೇಲಿಡಲು ಯತ್ನಿಸುತ್ತದೆ. ಹತ್ತು ಗಿಗಾಬಿಟ್‌ನ, 100 ಮಿಲಿಸೆಕೆಂಡಿನ, ನೂರಕ್ಕೊಂದು ನಷ್ಟದ ದಾರಿಯಲ್ಲಿ ಕ್ಯೂಬಿಕ್‌ಗೆ 3.3 ಎಂಬಿಪಿಎಸ್ ದಕ್ಕಿದರೆ ಬಿಬಿಆರ್‌ಗೆ 9,100 ದಕ್ಕಿತೆಂಬುದು ಗೂಗಲ್ ಕೊಟ್ಟ ಉದಾಹರಣೆ. ಅದು ತನ್ನ ಸರಕಿನ ಬಗ್ಗೆ ತಾನೇ ಆರಿಸಿಕೊಂಡ ಉದಾಹರಣೆಯೆಂಬುದನ್ನು ನೆನಪಿಡಬೇಕು. ಯೂಟ್ಯೂಬ್‌ನಲ್ಲಿ ಸರಾಸರಿ ಸುಧಾರಣೆ ಶೇ 4 ಎಂದು ಅದೇ ಸಂಸ್ಥೆ ಹೇಳಿದೆ. ಬಿಬಿಆರ್‌ನ ದೊಡ್ಡ ಅನುಕೂಲವೆಂದರೆ ಕಳಿಸುವ ತುದಿಯಲ್ಲಷ್ಟೇ ಇದ್ದರೆ ಸಾಕು, ಲಿನಕ್ಸ್ 4.9ರಿಂದ ಅದು ಲಭ್ಯವಿದ್ದು, ಸೆಟ್ಟಿಂಗ್‌ನ ಒಂದು ಸಾಲಿನಿಂದ ಚಾಲೂ ಆಗುತ್ತದೆ. ಅದರ ಮೊದಲ ಆವೃತ್ತಿ ಸಣ್ಣ ಬಫರುಗಳ ದಾರಿಯಲ್ಲಿ ಪಕ್ಕದ ಕ್ಯೂಬಿಕ್ ಧಾರೆಗಳ ಪಾಲನ್ನು ಕಸಿಯುತ್ತದೆ ಎಂಬ ಆಕ್ಷೇಪ ನ್ಯಾಯವಾದದ್ದೇ. ಇಡೀ ಹಳ್ಳಿಗೆ ಒಂದೇ ಕಿರುಕೊಂಡಿ ಇರುವಲ್ಲಿ ಅದನ್ನು ಹಗಲು ಹೊತ್ತು ಓಡಿಸುವ ಮುನ್ನ ಯೋಚಿಸಬೇಕು. ಹತ್ತಾರು ಸಮಾನಾಂತರ ಧಾರೆ ತೆರೆದು ವೇಗ ಗಳಿಸುವ ಡೌನ್‌ಲೋಡ್ ತಂತ್ರಾಂಶಗಳಿಗೂ ಇದೇ ಮಾತು ಸಲ್ಲುತ್ತದೆ.

ನಷ್ಟಕ್ಕೆ ತದ್ವಿರುದ್ಧವಾದ ಇನ್ನೊಂದು ಕಾಯಿಲೆಯಿದೆ: ಪ್ಯಾಕೆಟ್ ಬೀಳಿಸಬೇಕಾದಲ್ಲಿ ಬೀಳಿಸದಿರುವುದು. ಅಗ್ಗದ ರೂಟರುಗಳಲ್ಲಿ ಬಫರ್ ದೊಡ್ಡದಿರುತ್ತದೆ. 10 ಎಂಬಿಪಿಎಸ್‌ನ ಏರುಮುಖ ಕೊಂಡಿಯ ಮುಂದೆ ಒಂದು ಎಂಬಿಯ ಸರತಿ ತುಂಬಿ ನಿಂತರೆ, ಹಿಂದೆ ಬಂದ ಪ್ಯಾಕೆಟ್ 0.8 ಸೆಕೆಂಡ್ ಕಾಯಬೇಕು. ಸಂಜೆ ಬ್ಯಾಕಪ್ ಶುರುವಾದೊಡನೆ ವಿಡಿಯೊ ಕರೆ ಮುರಿದುಬೀಳುವುದು, ಬ್ಯಾಂಕಿನ ಪುಟ ತೆರೆಯದಿರುವುದು ಇದರ ಲಕ್ಷಣ. ಕಂಪ್ಯೂಟರ್ ತಂತ್ರಜ್ಞ ಜಿಮ್ ಗೆಟ್ಟಿಸ್ ಹತ್ತು ಹದಿನೈದು ವರ್ಷಗಳ ಹಿಂದೆ ಇದರತ್ತ ಎಲ್ಲರ ಗಮನ ಸೆಳೆದ ಮೇಲೆ ಬಂದ ಎಫ್‌ಕ್ಯೂ-ಕೋಡೆಲ್ ಮತ್ತು ಕೇಕ್ ಎಂಬ ಸರತಿ ನಿರ್ವಹಣೆಗಳು ಓಪನ್‌ಡಬ್ಲ್ಯುಆರ್‌ಟಿ ಎಂಬ ಉಚಿತ ತಂತ್ರಾಂಶ ಹಾಕಿದ ರೂಟರಿನಲ್ಲಿ ಸಿಗುತ್ತವೆ. ಅಳೆದು ತಿಳಿದ ಏರುಮುಖ ವೇಗದ ಶೇ 90ರಷ್ಟಕ್ಕೆ ಮಿತಿ ಹಾಕಿದರೆ ಸರತಿ ಸೇವಾದಾರರ ಪೆಟ್ಟಿಗೆಯಲ್ಲಿ ಬೆಳೆಯದೆ ನಮ್ಮ ಹತೋಟಿಯಲ್ಲಿ ಉಳಿಯುತ್ತದೆ. ಹತ್ತರಲ್ಲಿ ಒಂದನ್ನು ಬಿಟ್ಟುಕೊಟ್ಟು ಉಳಿದ ಒಂಬತ್ತನ್ನು ನೆಮ್ಮದಿಯಿಂದ ಬಳಸುವ ಈ ವ್ಯಾಪಾರವನ್ನು ಗ್ರಾಹಕರಿಗೆ ಒಪ್ಪಿಸುವುದು ಕಷ್ಟ, ಏಕೆಂದರೆ ಸ್ಪೀಡ್ ಟೆಸ್ಟಿನ ಅಂಕಿ ಇಳಿಯುತ್ತದೆ.

ಶಾಖಾ ಕಚೇರಿಗಳು ವಿಪಿಎನ್ (ಇಂಟರ್‌ನೆಟ್ಟಿನೊಳಗೆ ಗೂಢಲಿಪಿಯ ಖಾಸಗಿ ದಾರಿ) ಹಾಕಿಕೊಂಡಾಗ ಎದುರಾಗುವ ಒಂದು ವಿಚಿತ್ರ ತೊಂದರೆಯನ್ನು ಚುಟುಕಾಗಿ ಹೇಳಿಬಿಡಬೇಕು. ಪಿಪಿಪಿಒಇ ಎಂಬ, ಹೆಸರು ಮತ್ತು ಪಾಸ್‌ವರ್ಡ್ ಕೊಟ್ಟು ಲಾಗಿನ್ ಆಗುವ ಬಗೆಯ ಬ್ರಾಡ್‌ಬ್ಯಾಂಡ್ ಸಂಪರ್ಕದಲ್ಲಿ ಪ್ಯಾಕೆಟ್ಟಿನ ಗರಿಷ್ಠ ಗಾತ್ರ 1,500ರಿಂದ 1,492 ಬೈಟ್‌ಗೆ ಇಳಿಯುತ್ತದೆ, ವಿಪಿಎನ್‌ನ ಹೊದಿಕೆ ಇನ್ನಷ್ಟು ತಿನ್ನುತ್ತದೆ. ನಡುವಿನ ಫೈರ್‌ವಾಲ್ ‘ಪ್ಯಾಕೆಟ್ ದೊಡ್ಡದಾಯಿತು’ ಎಂಬ ಐಸಿಎಂಪಿ ಸೂಚನೆಯನ್ನು ತಡೆದರೆ ದೊಡ್ಡ ಪ್ಯಾಕೆಟ್‌ಗಳು ಸದ್ದಿಲ್ಲದೆ ಮಾಯವಾಗುತ್ತವೆ. ಪಿಂಗ್ ಸರಿಯಾಗಿ ಬರುತ್ತದೆ, ಲಾಗಿನ್ ಆಗುತ್ತದೆ, ಫೈಲ್ ಕಳಿಸಲು ಹೋದರೆ ಸ್ತಬ್ಧ. ರೂಟರಿನಲ್ಲಿ ಎಂಎಸ್‌ಎಸ್ ಕ್ಲ್ಯಾಂಪಿಂಗ್ (ಪ್ಯಾಕೆಟ್ಟಿನ ಗಾತ್ರವನ್ನು ಮೊದಲೇ ಕುಗ್ಗಿಸುವ ಏರ್ಪಾಡು) ಚಾಲೂ ಮಾಡುವುದೇ ಇದಕ್ಕೆ ಮದ್ದು.

ವೇಗ ಹೆಚ್ಚಿಸುವುದಕ್ಕಿಂತ ಸಾಗಿಸುವುದನ್ನೇ ಕಡಿಮೆ ಮಾಡುವುದು ಅನೇಕ ಕಡೆ ಜಾಣತನ. ಆ್ಯಂಡ್ರೂ ಟ್ರಿಜೆಲ್ ಮತ್ತು ಪಾಲ್ ಮೆಕೆರಾಸ್ 1996ರಲ್ಲಿ ರೂಪಿಸಿದ ಆರ್‌ಸಿಂಕ್, ಎರಡೂ ತುದಿಯ ಫೈಲುಗಳನ್ನು ಹೋಲಿಸಿ ಬದಲಾದ ಭಾಗವನ್ನಷ್ಟೇ ಕಳಿಸುತ್ತದೆ. ದಿನವೂ ಇಡೀ ಡೇಟಾಬೇಸನ್ನು ನಕಲು ಮಾಡುವ ಶಾಖೆಗೆ ಇದೊಂದೇ ಸಾಕಷ್ಟು ಪರಿಹಾರವಾಗಬಹುದು. ಐದು ಸಾವಿರ ಸಣ್ಣ ಫೈಲುಗಳನ್ನು ಹಂಚಿಕೊಂಡ ಫೋಲ್ಡರಿನ ಮೂಲಕ ಕಳಿಸುವಾಗ ತೆರೆಯಲು, ಬರೆಯಲು, ಮುಚ್ಚಲು ಇತ್ಯಾದಿಯಾಗಿ ಪ್ರತಿ ಫೈಲಿಗೆ ನಾಲ್ಕು ಸುತ್ತು ಮಾತುಕತೆ ನಡೆದರೆ 20 ಮಿಲಿಸೆಕೆಂಡಿನ ದಾರಿಯಲ್ಲಿ ಬರೀ ಕಾಯುವುದಕ್ಕೇ ಆರೂವರೆ ನಿಮಿಷಕ್ಕಿಂತ ಹೆಚ್ಚು ಹೋಗುತ್ತದೆ. ಅವನ್ನು ಒಂದೇ ಕಟ್ಟಾಗಿ ಮಾಡಿ ಕಳಿಸಿದರೆ ಈ ಖರ್ಚು ಇಲ್ಲವಾಗುತ್ತದೆ. ಮಲೆನಾಡಿನ ಎಷ್ಟೋ ಸೊಸೈಟಿಗಳಲ್ಲಿ ಲೆಕ್ಕಪತ್ರದ ತಂತ್ರಾಂಶ ಶಾಖೆಯ ಕಂಪ್ಯೂಟರಿನಲ್ಲಿ, ಅದರ ಡೇಟಾ ಪ್ರಧಾನ ಕಚೇರಿಯ ಫೋಲ್ಡರಿನಲ್ಲಿ ಇರುತ್ತದೆ, ಮತ್ತು ಒಂದು ವೋಚರ್ ತೆರೆಯಲು ಗುಮಾಸ್ತರು ಚಹಾ ಕುಡಿದು ಬರುವಷ್ಟು ಹೊತ್ತಾಗುತ್ತದೆ. ಇಂಥ ತಂತ್ರಾಂಶ ನೂರಾರು ಕಿರು ಓದುಗಳನ್ನು ಒಂದರ ಹಿಂದೆ ಒಂದರಂತೆ ಮಾಡುವುದರಿಂದ ಯಾವ ಬ್ಯಾಂಡ್‌ವಿಡ್ತೂ ಅದನ್ನು ಉದ್ಧರಿಸಲಾರದು. ತಂತ್ರಾಂಶವನ್ನೂ ಡೇಟಾ ಇರುವ ಯಂತ್ರದಲ್ಲೇ ಓಡಿಸಿ, ಶಾಖೆಗೆ ರಿಮೋಟ್ ಡೆಸ್ಕ್‌ಟಾಪ್ ಮೂಲಕ ಪರದೆಯ ಚಿತ್ರವನ್ನಷ್ಟೇ ಕಳಿಸುವುದೇ ಸರಿ. ಒಂದು ಕಾಲದಲ್ಲಿ ಇಂಥ ತೊಂದರೆಗೆಂದೇ ದುಬಾರಿ ಬೆಲೆಯ ವ್ಯಾನ್ (ದೂರದ ಜಾಲ) ಆಪ್ಟಿಮೈಸರ್ ಪೆಟ್ಟಿಗೆಗಳು ಮಾರಾಟವಾಗುತ್ತಿದ್ದವು. ಎಲ್ಲ ಸಂಚಾರವೂ ಗೂಢಲಿಪಿಯಲ್ಲಿ ಹೋಗತೊಡಗಿದ ಮೇಲೆ ಅವಕ್ಕೆ ಒಳಗೇನಿದೆ ಎಂದು ಕಾಣದಾಗಿ, ಪುನರಾವರ್ತನೆ ಹುಡುಕುವ ಅವುಗಳ ಶಕ್ತಿ ಬಹುಮಟ್ಟಿಗೆ ಕುಂದಿದೆ.

ಮುಂದೆ ಬರಲಿರುವ ಎರಡು ಬದಲಾವಣೆಗಳನ್ನು ಇದೇ ಬೆಳಕಿನಲ್ಲಿ ನೋಡಬೇಕು. 2025ರಲ್ಲಿ ದೂರಸಂಪರ್ಕ ಇಲಾಖೆಯ ಪರವಾನಗಿ ಪಡೆದ ಸ್ಟಾರ್‌ಲಿಂಕ್‌ನಂಥ ಉಪಗ್ರಹ ಇಂಟರ್‌ನೆಟ್ ಸೇವೆಗಳ ಬಗ್ಗೆ ಶರಾವತಿ ಹಿನ್ನೀರಿನಾಚೆಯ ಹಳ್ಳಿಗಳಲ್ಲಿ ನಿರೀಕ್ಷೆ ದೊಡ್ಡದಿದೆ. 35,786 ಕಿ.ಮೀ. ಎತ್ತರದ ಭೂಸ್ಥಿರ ಉಪಗ್ರಹದ ಮೂಲಕ ಹೋಗಿಬರಲು ಬೆಳಕಿಗೇ ಸುಮಾರು 480 ಮಿಲಿಸೆಕೆಂಡ್ ಬೇಕು, 550 ಕಿ.ಮೀ. ಎತ್ತರದಲ್ಲಿ ಸುತ್ತುವ ಉಪಗ್ರಹಕ್ಕೆ ಎಂಟು ಮಿಲಿಸೆಕೆಂಡೂ ಬೇಡ. ಆದರೆ ಸಂಪರ್ಕ ಉಪಗ್ರಹದಿಂದ ಉಪಗ್ರಹಕ್ಕೆ ದಾಟುತ್ತಲೇ ಇರುವುದರಿಂದ ಹೋಗಿಬರುವ ಸಮಯ ಜಿಗಿಯುತ್ತದೆ, ದಾಟುವಾಗ ಪ್ಯಾಕೆಟ್‌ಗಳು ಬೀಳುತ್ತವೆ, ನಷ್ಟಕ್ಕೆ ಬೆದರುವ ಕ್ಯೂಬಿಕ್ ಇಲ್ಲಿಯೂ ಕೈಕಟ್ಟಿ ಕೂರುತ್ತದೆ. ದಟ್ಟ ಮರಗಳ ನಡುವಿನ ಮನೆಗೆ ಆಕಾಶ ಕಾಣುವುದೆಷ್ಟು ಎಂಬ ಪ್ರಶ್ನೆ ಇನ್ನೊಂದು.

ಎರಡನೆಯದು, ಗ್ರಾಮ ಪಂಚಾಯಿತಿಗಳಿಗೆ ಫೈಬರ್ ಒಯ್ಯುವ ಕೇಂದ್ರ ಸರ್ಕಾರದ ಭಾರತ್‌ನೆಟ್. 2011ರಲ್ಲಿ ಒಪ್ಪಿಗೆ ಪಡೆದ ಯೋಜನೆಯಲ್ಲಿ ಬ್ಲಾಕಿನಿಂದ ಗ್ರಾಮ ಪಂಚಾಯಿತಿಗೆ ಒಂಟಿ ಎಳೆ ಹೋಗುತ್ತಿತ್ತು. ಒಂದು ಕಡೆ ತುಂಡಾದರೆ ಅದರಾಚೆಯ ಎಲ್ಲರೂ ಕತ್ತಲೆಯಲ್ಲಿ. 2023ರ ಆಗಸ್ಟ್‌ನಲ್ಲಿ ಕೇಂದ್ರ ಸಂಪುಟ ಸುಮಾರು 1.39 ಲಕ್ಷ ಕೋಟಿ ರೂಪಾಯಿಗಳ ಪರಿಷ್ಕೃತ ಯೋಜನೆಗೆ ಒಪ್ಪಿಗೆ ಕೊಟ್ಟಾಗ ಸಂಪರ್ಕವನ್ನು ಉಂಗುರದಾಕಾರಕ್ಕೆ ಬದಲಿಸಲು ನಿರ್ಧರಿಸಿತು. ಮಳೆಗಾಲದಲ್ಲಿ ಮರ ಬೀಳುವುದು ದಿನಚರಿಯಾಗಿರುವ ಹೊಸನಗರ, ತೀರ್ಥಹಳ್ಳಿ, ಕೊಪ್ಪ, ಶೃಂಗೇರಿಯಂಥ ತಾಲ್ಲೂಕುಗಳಿಗೆ ಇದಕ್ಕಿಂತ ಅಗತ್ಯವಾದ ತಿದ್ದುಪಡಿ ಇಲ್ಲ. ಉಂಗುರದ ಒಂದು ಬದಿ ತುಂಡಾದಾಗ ಸಂಚಾರ ಇನ್ನೊಂದು ಬದಿಯಿಂದ ಸುತ್ತಿಕೊಂಡು ಹೋಗುತ್ತದೆ. ದಾರಿ ಉದ್ದವಾಗುತ್ತದೆ, ಹೋಗಿಬರುವ ಸಮಯ ಹೆಚ್ಚುತ್ತದೆ, ಉಳಿದ ಬದಿಯ ಮೇಲೆ ಎಲ್ಲರ ಹೊರೆಯೂ ಬೀಳುತ್ತದೆ. ಆದ್ದರಿಂದ ಈ ಜಾಲದ ಮೇಲೆ ಆಸ್ಪತ್ರೆಯದ್ದೋ ಸೊಸೈಟಿಯದ್ದೋ ಸಂಪರ್ಕ ಹೊಂದಿಸುವವರು ಬಫರನ್ನೂ ರೂಟರಿನ ಮಿತಿಯನ್ನೂ ಬೇಸಿಗೆಯ ಮಧ್ಯಾಹ್ನ ಅಳೆದ ಅಂಕಿಗೆ ಕಟ್ಟದೆ, ಆಷಾಢದ ಮಳೆಯಲ್ಲಿ ಉದ್ದದ ದಾರಿ ಹಿಡಿದಾಗಿನ ಅಂಕಿಗೆ ಕಟ್ಟಬೇಕಾಗುತ್ತದೆ, ಮತ್ತು ಅದನ್ನು ತಿಳಿಯಲು ಆಷಾಢದಲ್ಲೇ ಇನ್ನೊಮ್ಮೆ ಅಳೆಯಬೇಕಾಗುತ್ತದೆ.